ಇದರ ತೂಬು ಎಲ್ಲೈತಿ? – ಭರತಪುರದಲ್ಲಿ ಅವ್ವ ಕೇಳಿದ ಪ್ರಶ್ನೆ

ಕಳೆದ ಜನವರಿಯಲ್ಲಿ ನಮ್ಮ ಮಹಿಳಾ ವೇದಿಕೆಯಿಂದ ಭರತಪುರಕ್ಕೆ ಹೋಗಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಪ್ರವಾಸಕ್ಕೆ ವಾಟ್ಸಾಪ್ ಗುಂಪಿನಲ್ಲಿ ಆಹ್ವಾನ ಬರೆದವಳು ನಾನು. "ದೆಹಲಿಯ ಹೊಗೆಯಿಂದ ದೂರ, ಮನುಷ್ಯನ ಕೈ ಸೋಕದ ಪ್ರಕೃತಿಯ ಮಡಿಲಲ್ಲಿ ಒಂದು ಭಾನುವಾರ" ಎಂದು ಬರೆದಿದ್ದೆ. ಗುಂಪಿನಲ್ಲಿ ಎಲ್ಲರೂ ಮೆಚ್ಚಿಕೊಂಡಿದ್ದರು. ಆ ವಾಕ್ಯ ತಪ್ಪು ಎಂದು ನನಗೆ ಗೊತ್ತಾಗಿದ್ದು ಅಲ್ಲಿಗೆ ಹೋದ ಅರ್ಧ ಗಂಟೆಯಲ್ಲೇ. ತೋರಿಸಿಕೊಟ್ಟವಳು ನನ್ನ ಅವ್ವ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕಿಯರು ಕೇಳಿದಾಗ, ಆ ತಪ್ಪನ್ನು ತಿದ್ದುವುದೇ ಸರಿ ಅನ್ನಿಸಿತು.

ಅವ್ವ ಗದಗ ಜಿಲ್ಲೆಯವಳು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಹತ್ತಿರದ ಒಂದು ಹಳ್ಳಿ ಅವಳ ತವರು. ಚಳಿಗಾಲಕ್ಕೆ ಎರಡು ತಿಂಗಳು ನನ್ನ ಜೊತೆ ಇರಲು ಗುರುಗ್ರಾಮಕ್ಕೆ ಬಂದಿದ್ದಳು. ಹದಿನಾಲ್ಕನೆಯ ಮಹಡಿಯ ಮನೆಯಲ್ಲಿ ಕೂತು ಕೂತು ಬೇಸತ್ತಿದ್ದ ಅವಳನ್ನೂ ಹೊರಡಿಸಿದೆ. ಬೆಳಗಿನ ನಾಲ್ಕಕ್ಕೆ ಬಸ್ಸು ಹೊರಟಿತು. ಮಥುರಾ ದಾಟುವವರೆಗೂ ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣಲಿಲ್ಲ. ಅವ್ವ ಕಟ್ಟಿಕೊಂಡು ಬಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ದಾರಿಯಲ್ಲೇ ಖಾಲಿಯಾಯಿತು.

ಕೇವಲಾದೇವ್ ರಾಷ್ಟ್ರೀಯ ಉದ್ಯಾನ ಎಂಬುದು ಅದರ ಸರ್ಕಾರಿ ಹೆಸರು. ಒಳಗೆ ಒಂದು ಹಳೆಯ ಶಿವನ ಗುಡಿ ಇದೆ. ಆ ಕೇವಲಾದೇವನ ಹೆಸರೇ ಉದ್ಯಾನಕ್ಕೆ ಬಂದಿದೆ. ಊರಿನವರು ಮಾತ್ರ 'ಘನಾ' ಎನ್ನುತ್ತಾರೆ. ದಟ್ಟ ಕಾಡು ಎಂದರ್ಥ. ವಿಸ್ತೀರ್ಣ ಸುಮಾರು 29 ಚದರ ಕಿಲೋಮೀಟರ್, ಅದರಲ್ಲಿ ನೀರು ನಿಲ್ಲುವ ಭಾಗ ಮೂರನೆಯ ಒಂದಕ್ಕಿಂತ ತುಸು ಹೆಚ್ಚು. ಇಷ್ಟು ಚಿಕ್ಕ ಜಾಗದಲ್ಲಿ 350ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಬಾಗಿಲಲ್ಲೇ ಸೈಕಲ್ ರಿಕ್ಷಾಗಳು ಸಾಲಾಗಿ ನಿಂತಿರುತ್ತವೆ. ರಿಕ್ಷಾ ತುಳಿಯುವವರಲ್ಲಿ ಬಹಳ ಮಂದಿ ತರಬೇತಿ ಪಡೆದು ಹಕ್ಕಿಗಳ ಹೆಸರು, ಕೂಗು, ಗೂಡಿನ ಜಾಗ ಎಲ್ಲ ಬಲ್ಲವರು. ನನಗೂ ಅವ್ವನಿಗೂ ಸಿಕ್ಕಿದವರು ಐವತ್ತು ದಾಟಿದ ಒಬ್ಬ ಭಾಯಿಸಾಬ್. ಅವ್ವನಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ನಡುವೆ ನಾನು.

ಮಂಜು ಕರಗುತ್ತಿದ್ದಂತೆ ಎರಡೂ ಬದಿಗೆ ನೀರು ಕಾಣತೊಡಗಿತು. ನೀರಿನ ನಡುವಿನ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ರೆಕ್ಕೆ ಹರವಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿದ್ದ ಹಾವಕ್ಕಿಗಳು, ಜೊಂಡಿನಲ್ಲಿ ನೇರಳೆ ಬಣ್ಣದ ಜಂಬುಕೋಳಿ, ದೂರದಲ್ಲಿ ಒಂದು ಜೋಡಿ ಸಾರಸ. ನಾನು ಮೊಬೈಲ್ ಹಿಡಿದು ಫೋಟೋ ತೆಗೆಯುತ್ತಿದ್ದೆ. ಅವ್ವ ಹಕ್ಕಿಗಳನ್ನು ಒಂದು ಸಲ ನೋಡಿ, ಆಮೇಲೆ ರಸ್ತೆಯ ಅಂಚನ್ನೇ ನೋಡತೊಡಗಿದಳು.

"ನಾವು ಏರಿ ಮ್ಯಾಲ ಹೊಂಟೀವಿ ನೋಡು," ಅಂದಳು. "ಇದು ಕೆರಿ. ಇದರ ತೂಬು ಎಲ್ಲೈತಿ?"

ಇದು ಕೆರೆಯಲ್ಲ, ರಾಷ್ಟ್ರೀಯ ಉದ್ಯಾನ ಎಂದು ನಾನು ವಿವರಿಸಲು ಹೊರಟೆ. ಅವಳು ಒಪ್ಪಲಿಲ್ಲ. ರಿಕ್ಷಾದವರಿಗೆ ಪ್ರಶ್ನೆಯನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಅವರು ನಕ್ಕು, ಸ್ವಲ್ಪ ಮುಂದೆ ಹೋಗಿ ರಿಕ್ಷಾ ನಿಲ್ಲಿಸಿ ಕೈ ತೋರಿಸಿದರು. ರಸ್ತೆಯ ಅಡಿಯಲ್ಲಿ ಒಂದು ತೂಬು, ಅದಕ್ಕೆ ತಿರುಗಿಸಿ ಎತ್ತುವ ಕಬ್ಬಿಣದ ಬಾಗಿಲು. ಇಡೀ ಜೌಗನ್ನು ಹೀಗೆ ಏರಿಗಳಿಂದ ತುಂಡು ತುಂಡಾಗಿ ಭಾಗ ಮಾಡಿದ್ದಾರೆ. ಒಂದರಿಂದ ಇನ್ನೊಂದಕ್ಕೆ ನೀರು ಬಿಡಲು ಬಾಗಿಲುಗಳಿವೆ. ಯಾವ ಭಾಗದಲ್ಲಿ ಎಷ್ಟು ನೀರು, ಎಷ್ಟು ದಿನ ಎಂಬುದನ್ನು ಪ್ರತಿ ವರ್ಷ ಯಾರೋ ಕೂತು ನಿರ್ಧರಿಸುತ್ತಾರೆ. ಆಳ ಹೆಚ್ಚಾದರೆ ಕಾಲಲ್ಲಿ ನಿಂತು ಮೇಯುವ ಕೊಕ್ಕರೆಗೆ ಆಗದು, ಕಡಿಮೆಯಾದರೆ ಮುಳುಗು ಹಾಕುವ ಬಾತಿಗೆ ಸಾಲದು. ಹದಿನೈದು ವರ್ಷದಿಂದ ದೆಹಲಿ ಪ್ರದೇಶದಲ್ಲಿರುವ, ಎಂ.ಟೆಕ್. ಓದಿದ ನನ್ನ ಕಣ್ಣಿಗೆ ಬೀಳದ್ದು, ನಾಲ್ಕನೆಯ ಇಯತ್ತೆ ಓದಿದ ಅವ್ವನಿಗೆ ಕಂಡಿತು. ಅಂದು ಸಂಜೆಯಿಂದ ಈ ಜಾಗದ ಚರಿತ್ರೆ ಓದಲು ಶುರುಮಾಡಿದೆ.

ಭರತಪುರದ ಸುತ್ತಲಿನದು ತಗ್ಗು ನೆಲ. ಗಂಭೀರ್ ಮತ್ತು ಬಾಣಗಂಗಾ ಎಂಬ ಎರಡು ನದಿಗಳು ಈ ಕಡೆ ಹರಿದು ಬರುತ್ತವೆ. ಮಳೆಗಾಲ ಬಿಟ್ಟರೆ ಹೆಚ್ಚುಕಡಿಮೆ ಒಣಗಿರುವ ನದಿಗಳು; ಮಳೆ ಬಂದರೆ ಊರನ್ನೇ ಮುಳುಗಿಸುವಂಥವು. 18ನೆಯ ಶತಮಾನದಲ್ಲಿ ಇಲ್ಲಿ ಜಾಟ್ ರಾಜ್ಯ ಕಟ್ಟಿ ಬೆಳೆಸಿದ ಮಹಾರಾಜಾ ಸೂರಜ್ ಮಲ್ ಆ ನೀರನ್ನು ತಡೆಯಲು ಅಜಾನ್ ಬಂಡ್ ಎಂಬ ಮಣ್ಣಿನ ಏರಿ ಕಟ್ಟಿಸಿದ. ಊರು ಉಳಿಯಿತು, ಏರಿಯ ನೀರು ತಗ್ಗಿನಲ್ಲಿ ನಿಂತಿತು. ಹಕ್ಕಿಗಳಿಗಾಗಿ ಯಾರೂ ಅದನ್ನು ಕಟ್ಟಿರಲಿಲ್ಲ.

ನೀರನ್ನು ಬೇಕಾದಾಗ ನಿಲ್ಲಿಸಿ ಬೇಕಾದಾಗ ಬಿಡುವ ಈ ವಿದ್ಯೆ ಯುದ್ಧಕ್ಕೂ ಒದಗಿತ್ತು. ಭರತಪುರದ ಲೋಹಾಗಢ ಕೋಟೆಯ ಗೋಡೆ ಮಣ್ಣಿನದು, ಸುತ್ತ ಅಗಲವಾದ ಕಂದಕ. 1805ರಲ್ಲಿ ಲಾರ್ಡ್ ಲೇಕ್ ನಾಲ್ಕು ಸಲ ದಾಳಿ ಮಾಡಿಯೂ ಒಳಗೆ ಹೋಗಲಾಗದೆ ಹಿಂದಿರುಗಿದ. ಇಪ್ಪತ್ತು ವರ್ಷಗಳ ನಂತರ ಲಾರ್ಡ್ ಕಾಂಬರ್ಮಿಯರ್ ಬಂದಾಗ ಅವನ ಸೈನ್ಯ ಮೊದಲು ಮಾಡಿದ ಕೆಲಸವೇ ಮೋತಿ ಝೀಲ್ ಎಂಬ ಕೆರೆಯ ಏರಿಯನ್ನು ವಶಪಡಿಸಿಕೊಂಡಿದ್ದು. ಅಲ್ಲಿಂದ ಕಂದಕಕ್ಕೆ ನೀರು ಹರಿಯದಂತೆ ತಡೆದ ಮೇಲೆ, 1826ರ ಜನವರಿಯಲ್ಲಿ ಕೋಟೆ ಬಿತ್ತು. ತೂಬು ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಈ ಊರಿಗೆ ಹೊಸದಲ್ಲ.

ಘನಾ ಇಂದಿನ ರೂಪ ಪಡೆದದ್ದು 19ನೆಯ ಶತಮಾನದ ಕೊನೆಗೆ. ಇಂಗ್ಲೆಂಡಿನಲ್ಲಿ ಬಾತುಗಳ ಬೇಟೆ ನೋಡಿ ಬಂದಿದ್ದ, ಮೋರ್ವಿಯ ರಾಜಮನೆತನದ ಹರಭಾಮ್‌ಜಿ ಎಂಬವರು ಆಗ ಭರತಪುರದ ಆಡಳಿತ ನೋಡುತ್ತಿದ್ದರು. ತಗ್ಗಿನಲ್ಲಿ ನಿಲ್ಲುವ ನೀರಿಗೆ ಚಳಿಗಾಲದಲ್ಲಿ ಲೆಕ್ಕವಿಲ್ಲದಷ್ಟು ಬಾತುಗಳು ಬರುವುದನ್ನು ಕಂಡು, ಕಾಲುವೆ ತೋಡಿಸಿ, ಚಿಕ್ಕ ಚಿಕ್ಕ ಏರಿ ಹಾಕಿಸಿ, ಬಾಗಿಲು ಇಡಿಸಿ ನೀರು ಹೆಚ್ಚು ದಿನ ನಿಲ್ಲುವಂತೆ ಮಾಡಿಸಿದರು. ಉದ್ದೇಶ ಒಂದೇ, ಶಿಕಾರಿ. ನಾವು ರಿಕ್ಷಾದಲ್ಲಿ ಹೋದ ಏರಿಗಳ ಮೂಲ ಅಲ್ಲಿದೆ.

ಕೇವಲಾದೇವನ ಗುಡಿಯ ಬಳಿ ಕಲ್ಲಿನ ಫಲಕಗಳಿವೆ. ಮೇಲೆ ತಾರೀಖು, ಬಂದ ಅತಿಥಿಯ ಹೆಸರು, ಬಂದೂಕುಗಳ ಸಂಖ್ಯೆ, ಬಿದ್ದ ಹಕ್ಕಿಗಳ ಸಂಖ್ಯೆ. ಗುಡಿಯ ಬಳಿ ಕಲ್ಲು ಕಂಡ ಅವ್ವ, ದಾನ ಕೊಟ್ಟವರ ಹೆಸರಿರಬೇಕು ಅಂದುಕೊಂಡಳು. ಓದಿ ಹೇಳು ಅಂದಳು. ಓದಿದೆ. ಮೊದಲ ಸಾಲು 1902ರದು: ಲಾರ್ಡ್ ಕರ್ಜನ್ ಬಂದಾಗ 540 ಹಕ್ಕಿ. 1916ರಲ್ಲಿ ಲಾರ್ಡ್ ಚೆಮ್ಸ್‌ಫರ್ಡ್ ಬಂದಾಗ 4,206. 1938ರ ನವೆಂಬರ್ 12ರಂದು ಲಾರ್ಡ್ ಲಿನ್‌ಲಿತ್‌ಗೋ ಬಂದಾಗ 4,273. ಒಂದೇ ದಿನದ ಲೆಕ್ಕ. ಸ್ವಾತಂತ್ರ್ಯ ಬಂದ ಮೇಲೂ ಪಟ್ಟಿ ನಿಲ್ಲುವುದಿಲ್ಲ, 1960ರ ದಶಕದವರೆಗೂ ಮುಂದುವರಿಯುತ್ತದೆ. "ಇಷ್ಟೆಲ್ಲಾ ತಿಂದರೇನ?" ಎಂದು ಅವ್ವ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ರಿಕ್ಷಾ ಭಾಯಿಸಾಬ್ ಅದಕ್ಕೂ ಸುಮ್ಮನೆ ನಕ್ಕರು. ಆದರೂ ಒಂದು ಮಾತು ಹೇಳಲೇಬೇಕು. ಕೊಲ್ಲುವುದಕ್ಕಾಗಿಯೇ ಕಾಪಾಡಿದ್ದರೂ, ಕಾಪಾಡಿದ್ದರಿಂದಲೇ ಈ ನೀರು ಉಳಿಯಿತು. ಬೇರೆ ಎಷ್ಟೋ ಜೌಗುಗಳು ಆ ಹೊತ್ತಿಗೆ ಹೊಲಗಳಾಗಿದ್ದವು.

ಹೊಲವಾಗುವ ಸರದಿ ಘನಾಕ್ಕೂ ಬಂದಿತ್ತು. ಸ್ವಾತಂತ್ರ್ಯದ ನಂತರ, ರಾಜರ ಬೇಟೆಯ ಜಾಗ ಯಾಕೆ, ನೀರು ಹೊರಗೆ ಬಿಟ್ಟು ನೆಲವನ್ನು ರೈತರಿಗೆ ಕೊಡಿ ಎಂಬ ಬೇಡಿಕೆ ಎದ್ದಿತು. ಅನ್ನಕ್ಕೆ ಕಷ್ಟವಿದ್ದ ಕಾಲ. ಬೇಡಿಕೆಯಲ್ಲಿ ನ್ಯಾಯವಿರಲಿಲ್ಲ ಎನ್ನಲಾಗದು. ಪಕ್ಷಿತಜ್ಞ ಸಲೀಂ ಅಲಿ ಅವರು ಪ್ರಧಾನಿ ನೆಹರೂ ಅವರವರೆಗೂ ವಿಷಯ ಒಯ್ದು ಅದನ್ನು ತಪ್ಪಿಸಿದರು. 1956ರಲ್ಲಿ ಪಕ್ಷಿಧಾಮವಾಯಿತು. ಮಾಜಿ ಮಹಾರಾಜರ ಬೇಟೆಯ ಹಕ್ಕು ಮಾತ್ರ 1972ರವರೆಗೂ ಉಳಿದಿತ್ತು. 1981ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. 1982ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಉದ್ಯಾನ, 1985ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಜಾಲತಾಣಗಳಲ್ಲಿ, ಪ್ರವಾಸದ ಕರಪತ್ರಗಳಲ್ಲಿ ಚರಿತ್ರೆ ಸಾಮಾನ್ಯವಾಗಿ ಇಲ್ಲಿಗೆ ಸುಖವಾಗಿ ಮುಗಿಯುತ್ತದೆ.

ನಮ್ಮ ದಿನ ಅಲ್ಲಿಗೆ ಮುಗಿಯಲಿಲ್ಲ. ಊಟದ ಹೊತ್ತಿಗೆ ಅವ್ವ ಎರಡನೆಯ ಪ್ರಶ್ನೆ ಕೇಳಿದಳು. "ಇಷ್ಟು ಹುಲ್ಲೈತಿ, ಎಮ್ಮಿ ಒಂದೂ ಕಾಣವಲ್ಲವಲ್ಲ?"

ಇದನ್ನು ಹಿಂದಿಯಲ್ಲಿ ಹೇಳಿದಾಗ ರಿಕ್ಷಾ ಭಾಯಿಸಾಬ್ ನಗಲಿಲ್ಲ. ಅವರದು ಉದ್ಯಾನದ ಗೋಡೆಯಾಚೆಗಿನ ಹಳ್ಳಿ. ಚಿಕ್ಕವರಿದ್ದಾಗ ಮನೆಯಲ್ಲಿ ಐದು ಎಮ್ಮೆಗಳಿದ್ದವಂತೆ. ಬೆಳಗಾದರೆ ಎಮ್ಮೆಗಳು ಘನಾದೊಳಗೆ, ಸಂಜೆಗೆ ಅವರ ತಾಯಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೊರಗೆ. ಹುಲ್ಲು, ಸೌದೆ, ಲಾವಂಚದ ಬೇರು, ಎಲ್ಲವೂ ಅಲ್ಲಿಂದಲೇ. ಸುತ್ತಲಿನ ಹಳ್ಳಿಗಳ ಸಾವಿರಾರು ದನಕರುಗಳು ಹೀಗೆ ಮೇಯುತ್ತಿದ್ದವು. 1982ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಕಾನೂನಿನ ಪ್ರಕಾರ ಮೇವು ನಿಂತಿತು. ಆ ವರ್ಷದ ನವೆಂಬರ್‌ನಲ್ಲಿ ಹಳ್ಳಿಗರು ದನಗಳೊಂದಿಗೆ ಬಂದರು, ಘರ್ಷಣೆಯಾಯಿತು, ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಆಗ ಹುಡುಗನಾಗಿದ್ದ ಭಾಯಿಸಾಬರಿಗೆ ನೆನಪಿರುವುದು ಊರಿನಲ್ಲಿ ಒಲೆ ಹೊತ್ತದ ಆ ರಾತ್ರಿ, ಮತ್ತು ಮುಂದಿನ ತಿಂಗಳುಗಳಲ್ಲಿ ಒಂದೊಂದಾಗಿ ಮಾರಿಹೋದ ಎಮ್ಮೆಗಳು.

ಬೇಟೆಯ ಲೆಕ್ಕಕ್ಕೆ ಗುಡಿಯ ಮುಂದೆ ಕಲ್ಲು ನೆಟ್ಟಿದ್ದಾರೆ. ಹುಲ್ಲಿನ ಹೊರೆ ಹೊತ್ತ ಹೆಂಗಸರ ಲೆಕ್ಕವನ್ನು ಅಲ್ಲಿ ನಾನು ಎಲ್ಲಿಯೂ ನೋಡಲಿಲ್ಲ.

ಆಮೇಲೆ ಆದದ್ದನ್ನು ಅವ್ವನೇ ಊಹಿಸಿ ಹೇಳಿದಳು. "ಎಮ್ಮಿ ನೀರಿಗಿ ಇಳೀಲಿಲ್ಲಂದ್ರ ಜೊಂಡು ಬೆಳದು ಕೆರಿ ತುಂಬತೈತಿ." ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ವಿ. ಎಸ್. ವಿಜಯನ್ ಅವರ ನೇತೃತ್ವದಲ್ಲಿ 1980ರಿಂದ ಹತ್ತು ವರ್ಷ ಅಲ್ಲಿ ಅಧ್ಯಯನ ಮಾಡಿದರು. ಅವರು ಕಂಡುಕೊಂಡದ್ದೂ ಅದೇ. ಎಮ್ಮೆಗಳು ಮೇಯುವುದು ನಿಂತ ಮೇಲೆ ಪ್ಯಾಸ್ಪಲಂ ಎಂಬ ನೀರುಹುಲ್ಲು ಹರಡಿ ತೆರೆದ ನೀರನ್ನು ಮುಚ್ಚತೊಡಗಿತು. ಬಾತುಗಳಿಗೆ ಈಜಲು ಜಾಗವಿಲ್ಲ, ಮೀನುಗಳಿಗೆ ಕಷ್ಟ, ಗೆಡ್ಡೆ ಅಗೆದು ತಿನ್ನುವ ಹಕ್ಕಿಗಳಿಗೆ ಇನ್ನೂ ಕಷ್ಟ. ಮೇವು ನಿಲ್ಲಬೇಕು ಎಂದು ಪಕ್ಷಿಪ್ರಿಯರಲ್ಲೇ ಹಲವರು ಮೊದಲು ವಾದಿಸಿದ್ದರು. ಜೌಗಿನ ಆರೋಗ್ಯಕ್ಕೆ ಎಮ್ಮೆ ಬೇಕು ಎಂದು ಅಧ್ಯಯನವೇ ಹೇಳಿತು. ತಮ್ಮ ಪಕ್ಷದವರಿಗೇ ಒಪ್ಪಿಗೆಯಾಗದ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ ಆ ವಿಜ್ಞಾನಿಗಳ ಬಗ್ಗೆ ನನಗೆ ಗೌರವವಿದೆ. ಮುಂದೆ ಹಳ್ಳಿಗರಿಗೆ ಚೀಟಿ ಕೊಟ್ಟು ಹುಲ್ಲು ಕೊಯ್ಯಲು ಬಿಟ್ಟರು. ಉದ್ಯಾನವನ್ನು ಆಕ್ರಮಿಸಿದ್ದ ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳಲೂ ಹಳ್ಳಿಗರ ಕೈಯೇ ಬೇಕಾಯಿತು. ಕಿತ್ತ ಸೌದೆ ಅವರ ಪಾಲು.

ಭರತಪುರ ಎಂದರೆ ಹಿಂದಿನವರಿಗೆ ನೆನಪಾಗುತ್ತಿದ್ದದ್ದು ಸೈಬೀರಿಯಾದ ಬಿಳಿ ಕೊಕ್ಕರೆ, ಅಂದರೆ ಸೈಬೀರಿಯನ್ ಕ್ರೇನ್. ರಷ್ಯಾದ ಓಬ್ ನದಿಯ ಸೀಮೆಯಿಂದ ಅಫ್ಘಾನಿಸ್ತಾನದ ಮೇಲೆ ಹಾದು ಐದು ಸಾವಿರ ಕಿಲೋಮೀಟರ್‌ಗೂ ಹೆಚ್ಚು ಹಾರಿ ಅವು ಇಲ್ಲಿಗೆ ಬರುತ್ತಿದ್ದವು. 1960ರ ದಶಕದಲ್ಲಿ ಇನ್ನೂರರಷ್ಟಿದ್ದವು. ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, 2001–02ರ ಚಳಿಗಾಲದಲ್ಲಿ ಒಂದೇ ಜೋಡಿ ಬಂತು. ಆಮೇಲೆ ಬರಲಿಲ್ಲ. ದಾರಿಯುದ್ದಕ್ಕೂ ನಡೆದ ಬೇಟೆ, ಯುದ್ಧಗಳು, ಒಣಗಿದ ತಂಗುದಾಣಗಳು, ಹೀಗೆ ಕಾರಣಗಳು ಹಲವು. ಭರತಪುರವೊಂದೇ ಅವನ್ನು ಉಳಿಸಲು ಆಗುತ್ತಿರಲಿಲ್ಲ. ರಿಕ್ಷಾ ಭಾಯಿಸಾಬ್ ಅವು ನಿಲ್ಲುತ್ತಿದ್ದ ಜಾಗ ತೋರಿಸಿದರು. ಆಳವಿಲ್ಲದ ನೀರು, ಅಲ್ಲೀಗ ಒಂದು ಬಿಳಿ ಬೆಳ್ಳಕ್ಕಿ ನಿಂತಿತ್ತು.

ಕೊನೆಯದಾಗಿ ನೀರಿನ ಮಾತು. ಗಂಭೀರ್ ನದಿಗೆ ಮೇಲ್ಭಾಗದಲ್ಲಿ, ಕರೌಲಿ ಜಿಲ್ಲೆಯಲ್ಲಿ, ಪಾಂಚನಾ ಎಂಬ ಅಣೆಕಟ್ಟಿದೆ. ಅದು ದೊಡ್ಡದಾದ ಮೇಲೆ ಕೆಳಗಿನ ಅಜಾನ್ ಬಂಡ್‌ಗೆ ಬರುವ ನೀರು ನಿಂತಿತು. 2004ರ ಸುಮಾರಿಗೆ ಘನಾ ಒಣಗಿ ಬಿರುಕು ಬಿಟ್ಟಿತು. ಹಕ್ಕಿಗೆ ನೀರು ಬಿಡಿ ಎಂದರೆ ಅಲ್ಲಿನ ರೈತರು, ನಮ್ಮ ಹೊಲಕ್ಕೇ ಇಲ್ಲ, ಹೇಗೆ ಬಿಡಲಿ ಎಂದು ಬೀದಿಗಿಳಿದರು. ಕಾವೇರಿ, ಮಹದಾಯಿಗಳ ಜಗಳ ಕೇಳುತ್ತಲೇ ಬೆಳೆದ ನಮಗೆ ಆ ದನಿ ಅಪರಿಚಿತವಲ್ಲ. ಇಬ್ಬರಲ್ಲಿ ಒಬ್ಬರನ್ನು ಖಳರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆಮೇಲೆ ಯಮುನೆಯ ಮಳೆಗಾಲದ ಹೆಚ್ಚುವರಿ ನೀರನ್ನು ಗೋವರ್ಧನ ಕಾಲುವೆಯಿಂದ ಕೊಳವೆಯಲ್ಲಿ ತಂದರು, ಚಂಬಲ್ ನೀರನ್ನೂ ಜೋಡಿಸಿದರು. ಜೀವ ಉಳಿಯಿತು. ಆದರೆ ನದಿಯ ಹೊಸ ನೀರಿನ ಜೊತೆ ಮೀನಿನ ಮರಿಗಳೂ ತೇಲಿ ಬರುತ್ತಿದ್ದವು. ಮಳೆಗಾಲದಲ್ಲಿ ಗೂಡು ಕಟ್ಟುವ ಕೊಕ್ಕರೆಗಳು ಮರಿ ಸಾಕುವುದು ಆ ಮೀನಿನ ಮೇಲೆ. ಕೊಳವೆಬಾವಿಯ ನೀರಿನಲ್ಲಿ, ಶುದ್ಧೀಕರಿಸಿದ ನಲ್ಲಿಯ ನೀರಿನಲ್ಲಿ ಮೀನು ಬರುವುದಿಲ್ಲ. ನೀರು ಅಂದರೆ ಬರೀ ನೀರಲ್ಲ ಎಂಬುದು ಒಣಗಿದ ಮೇಲೆ ಅರ್ಥವಾಗುತ್ತದೆ.

ಇದೆಲ್ಲ ಓದಿದ ಮೇಲೆ ನನ್ನ ಆಹ್ವಾನದ ವಾಕ್ಯ ನೆನೆದು ನಾಚಿಕೆಯಾಯಿತು. ಕಚೇರಿಯಲ್ಲಿ ನಾವು ನೋಡಿಕೊಳ್ಳುವ ಸರ್ವರ್‌ಗಳು ತಮ್ಮಷ್ಟಕ್ಕೆ ನಡೆಯುತ್ತವೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ರಾತ್ರಿ ಎರಡಕ್ಕೆ ಎದ್ದು ಕೂತವರಿಗೆ ಗೊತ್ತು, ಅವು ಯಾಕೆ ನಿಂತಿಲ್ಲ ಎಂದು. ಘನಾದಲ್ಲಿ ಹಾಗೆ ಎದ್ದು ಕೂತವರ ಪಟ್ಟಿ ಮುನ್ನೂರು ವರ್ಷಗಳಷ್ಟು ಉದ್ದವಿದೆ. ಏರಿಗೆ ಮಣ್ಣು ಹೊತ್ತವರು, ಬಾಗಿಲು ತಿರುಗಿಸುವವರು, ಜಾಲಿ ಕಿತ್ತವರು, ಹುಲ್ಲು ಕೊಯ್ದು ನೀರಿನ ಬಾಯಿ ತೆರೆದಿಟ್ಟವರು. ಇವರಲ್ಲಿ ಎಷ್ಟೋ ಜನ ಹೆಂಗಸರು.

ನಮ್ಮ ಕಡೆಯೂ ಇದೇ ಕಥೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನ ನಡುಗಡ್ಡೆಗಳು ರೂಪುಗೊಂಡದ್ದು 17ನೆಯ ಶತಮಾನದಲ್ಲಿ ಕಾವೇರಿಗೆ ಒಡ್ಡು ಕಟ್ಟಿದ್ದರಿಂದ. ಸಲೀಂ ಅಲಿ ಅವರು ಮೈಸೂರಿನ ಅರಸರಿಗೆ ಹೇಳಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ಹಗರಿಬೊಮ್ಮನಹಳ್ಳಿಯ ಬಳಿಯ ಅಂಕಸಮುದ್ರ, ಅವ್ವನ ತವರಿನ ಮಾಗಡಿ, ಎರಡೂ ನೀರಾವರಿಗೆಂದು ಕಟ್ಟಿದ ಕೆರೆಗಳೇ. 2024ರಲ್ಲಿ ಇವೆರಡೂ ರಾಮ್ಸಾರ್ ಪಟ್ಟಿ ಸೇರಿದವು. ಮಾಗಡಿಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯಲ್ಲಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಲ್ಲಿ. ಬೆಳೆ ತಿಂದರೂ ಊರವರು ಓಡಿಸಿಬಿಡುವುದಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಘನಾದಲ್ಲೂ ಅವು ಕಂಡವು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಬೂದು ಮೈ, ದಂಡೆಯಲ್ಲಿ ನಲವತ್ತು ಐವತ್ತು. ಅವ್ವ ರಿಕ್ಷಾದಲ್ಲೇ ಎದ್ದು ನಿಂತಳು. "ಇವು ನಮ್ಮ ಮಾಗಡಿ ಕೆರಿಯವು!" ನಮ್ಮ ಹಿಂದಿನ ರಿಕ್ಷಾಗಳಲ್ಲಿದ್ದ ಗೆಳತಿಯರೆಲ್ಲ ಇಳಿದು ಬಂದರು. ಅಂದು ಯಾರಿಗೂ ಗೈಡ್ ಬೇಕಾಗಲಿಲ್ಲ. ಅವು ಯಾವಾಗ ಏಳುತ್ತವೆ, ಹೇಗೆ ಸಾಲು ಕಟ್ಟುತ್ತವೆ, ಒಂದು ಕಾವಲಿಗೆ ಹೇಗೆ ಕತ್ತೆತ್ತಿ ನಿಲ್ಲುತ್ತದೆ ಎಂದು ಅವ್ವ ಕನ್ನಡದಲ್ಲಿ ಹೇಳುತ್ತಿದ್ದಳು, ಭಾಯಿಸಾಬ್ ಅರ್ಥವಾದವರಂತೆ ತಲೆಯಾಡಿಸುತ್ತಿದ್ದರು.

ಬಸ್ಸು ಗುರುಗ್ರಾಮ ಮುಟ್ಟಿದಾಗ ರಾತ್ರಿ ಹತ್ತೂವರೆ. ಅವ್ವ ಚಪ್ಪಲಿ ಬಿಟ್ಟು ಒಳಗೆ ಬಂದವಳೇ ನನ್ನ ಫೋನ್ ಇಸಕೊಂಡು ಊರಿಗೆ, ಸೋದರಮಾವನಿಗೆ ಹಚ್ಚಿದಳು. ಅವರ ಊರಿನದು ಮಾಗಡಿಯಷ್ಟು ದೊಡ್ಡ ಕೆರೆಯಲ್ಲ, ಯಾವ ಪಟ್ಟಿಯಲ್ಲೂ ಅದರ ಹೆಸರಿಲ್ಲ. ಮಲಗಿದ್ದ ಮಾವ ಗಾಬರಿಯಾಗಿ ಎತ್ತಿರಬೇಕು. ಅವ್ವ ಆರಾಮ ಇದ್ದೀನಿ ಎಂದು ಹೇಳಿ, ಮರುಕ್ಷಣ ಕೇಳಿದಳು: "ಕೆರಿ ತೂಬಿನ ಬಾಯಾಗ ಹೂಳು ತುಂಬಿತ್ತಲ್ಲ, ತಗಸೀರೇನು?"

ಆ ಕಡೆಯಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. "ಹಂಗಾರ ನಾ ಬಂದ ಮ್ಯಾಲ ಪಂಚಾಯ್ತಿಗೆ ಹೋಗೂಣು," ಎಂದು ಅವ್ವ ಫೋನ್ ಇಟ್ಟಳು. ಯುಗಾದಿಗೆ ರಜೆ ಹಾಕಿ ನಾನೂ ಹೋಗಲಿದ್ದೇನೆ.